ಎರಡೂವರೆ ಸಾವಿರದ ಮಿತಿ: ಚೆನ್ನೈನ ಉಡುಪಿ ಹೋಟೆಲು ಮತ್ತು ಅದರ ತೆರಿಗೆಗಳು

ಚೆನ್ನೈನ ಮೈಲಾಪುರದಲ್ಲೋ ತ್ಯಾಗರಾಯನಗರದಲ್ಲೋ ಒಂದು ಉಡುಪಿ ಹೋಟೆಲು. ಅಲ್ಲಿ ತಿಂಗಳಿಗೆ 15,000 ರೂಪಾಯಿ ಸಂಬಳದ ಸಪ್ಲೈಯರ್ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಳಗಿನ ಕಾಫಿಗೆ ಅಲ್ಲಿಗೆ ಬರುವ ಗಿರಾಕಿಯೊಬ್ಬರು ಐಟಿ ಕಂಪನಿಯಲ್ಲಿ ವರ್ಷಕ್ಕೆ 12,75,000 ರೂಪಾಯಿ ಸಂಬಳ ಪಡೆಯುವವರು. 2025–26ರ ಹಣಕಾಸು ವರ್ಷದಲ್ಲಿ ಇವರಿಬ್ಬರೂ ಕೇಂದ್ರ ಸರ್ಕಾರಕ್ಕೆ ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಇಬ್ಬರೂ ಚೆನ್ನೈ ಮಹಾನಗರ ಪಾಲಿಕೆಗೆ ಕಟ್ಟಬೇಕಾದ ವೃತ್ತಿ ತೆರಿಗೆ ತಲಾ 2,500 ರೂಪಾಯಿ. ಸಪ್ಲೈಯರ್ ಪಾಲಿಗೆ ಅದು ವರ್ಷದ ಸಂಬಳದ ಶೇ. 1.39. ಗಿರಾಕಿಯ ಪಾಲಿಗೆ ಶೇ. 0.2 ಕೂಡ ಅಲ್ಲ. ಇದೇ ಸಪ್ಲೈಯರ್ ಬೆಂಗಳೂರಿನ ಹೋಟೆಲಿನಲ್ಲಿ ಇದೇ ಸಂಬಳಕ್ಕೆ ದುಡಿಯುತ್ತಿದ್ದರೆ ಒಂದು ಪೈಸೆಯನ್ನೂ ಕಟ್ಟಬೇಕಾಗಿರಲಿಲ್ಲ.

ಬಜೆಟ್ಟಿನ ಮರುದಿನ ಪತ್ರಿಕೆಗಳಲ್ಲಿ ದರಗಳ ಪಟ್ಟಿ ಬರುತ್ತದೆ, ಚರ್ಚೆಯೂ ಅದರ ಸುತ್ತಲೇ ನಡೆಯುತ್ತದೆ. ಸಣ್ಣ ಸಂಬಳದವರ, ಸಣ್ಣ ವ್ಯಾಪಾರಿಗಳ ಮಟ್ಟಿಗೆ ದರಕ್ಕಿಂತ ಹೆಚ್ಚು ಕೆಲಸ ಮಾಡುವುದು ಮಿತಿಗಳು ಎಂಬುದು ನನ್ನ ವಾದ. ತೆರಿಗೆ ಎಷ್ಟು ರೂಪಾಯಿಯಿಂದ ಶುರು, ಎಷ್ಟಕ್ಕೆ ನಿಲ್ಲುತ್ತದೆ, ಯಾವ ವಿನಾಯಿತಿ ಯಾವ ಊರಿಗೆ, ಯಾವ ಬಗೆಯ ವ್ಯವಹಾರಕ್ಕೆ ಎಂಬ ಗೆರೆಗಳವು. ಸಂಸತ್ತು ವರ್ಷ ವರ್ಷ ಕೈಯಾಡಿಸುವ ಮಿತಿಗಳು ಬೆಲೆಯೇರಿಕೆಯ ಜೊತೆ ಹೇಗೋ ಮೇಲೇರಿವೆ. ಸಂವಿಧಾನದ ವಿಧಿಯಲ್ಲಿ, ರಾಜ್ಯದ ದರಪಟ್ಟಿಯಲ್ಲಿ, ಹಳೆಯ ನಿಯಮಾವಳಿಯ ಊರುಗಳ ಪಟ್ಟಿಯಲ್ಲಿ ಬರೆದಿಟ್ಟವು ನಿಂತಲ್ಲೇ ನಿಂತಿವೆ. ಈ ಎರಡು ಬಗೆಯ ಮಿತಿಗಳ ನಡುವೆ ಸಿಕ್ಕಿಬಿದ್ದವರು ಯಾರು ಎಂದು ನೋಡುವುದಕ್ಕೆ ಚೆನ್ನೈನ ಕನ್ನಡಿಗರ ಹೋಟೆಲು ಒಳ್ಳೆಯ ಜಾಗ. ಅಲ್ಲಿ ಸಂಬಳದಾರರು, ಮಾಲೀಕರು, ಪಾಲುದಾರರು ಒಂದೇ ಸೂರಿನಡಿ ಇರುತ್ತಾರೆ. ಕೇಂದ್ರ, ರಾಜ್ಯ, ಪಾಲಿಕೆ ಮೂವರೂ ಅದೇ ಸೂರಿನಡಿ ಬಂದು ತೆರಿಗೆ ಕೇಳುತ್ತಾರೆ.

2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ಇಲ್ಲಿನ ಲೆಕ್ಕಗಳು ಹಳೆಯ ಕಾಯ್ದೆಯ ಕೊನೆಯ ವರ್ಷವಾದ 2025–26ಕ್ಕೆ ಸೇರಿದವು. ಆಡಿಟರುಗಳ ಬಾಯಲ್ಲಿ ಇನ್ನೂ ಓಡಾಡುವುದು ಹಳೆಯ ಕಲಮುಗಳೇ ಆದ್ದರಿಂದ ಅವನ್ನೇ ಉಳಿಸಿಕೊಂಡಿದ್ದೇನೆ.

ಮೊದಲು ಕೇಂದ್ರದ ಪಟ್ಟಿ. ತಾನಾಗಿ ಅನ್ವಯವಾಗುವ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಮುಂದಿನ ಪ್ರತಿ 4 ಲಕ್ಷಕ್ಕೂ ಕ್ರಮವಾಗಿ ಶೇ. 5, 10, 15, 20, 25, ಕೊನೆಗೆ 24 ಲಕ್ಷ ದಾಟಿದ ಮೊತ್ತಕ್ಕೆ ಶೇ. 30. ತೆರಿಗೆಯ ಮೇಲೆ ಶೇ. 4 ಸೆಸ್. ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್. ಇಷ್ಟಾದ ಮೇಲೆ ತೆರಿಗೆಗೊಳಪಡುವ ಆದಾಯ 12 ಲಕ್ಷದೊಳಗಿದ್ದರೆ 87ಎ ಕಲಮಿನ ರಿಬೇಟ್ 60,000 ರೂಪಾಯಿವರೆಗಿನ ತೆರಿಗೆಯನ್ನು ಪೂರ್ತಿ ಅಳಿಸುತ್ತದೆ. ನಮ್ಮ ಗಿರಾಕಿಯ 12,75,000 ಸೊನ್ನೆಗೆ ಬರುವುದು ಹೀಗೆ. ಹಳೆಯ ಪದ್ಧತಿಯನ್ನೇ ಆರಿಸಿಕೊಳ್ಳುವವರಿಗೆ ತೆರಿಗೆ 2.5 ಲಕ್ಷದಿಂದಲೇ ಶುರುವಾಗುತ್ತದೆ, 10 ಲಕ್ಷ ದಾಟಿದರೆ ಶೇ. 30. ಅದಕ್ಕೆ ಬದಲಾಗಿ 80ಸಿ ಕಲಮಿನ ಒಂದೂವರೆ ಲಕ್ಷ, ಆರೋಗ್ಯ ವಿಮೆ, ಮನೆ ಬಾಡಿಗೆ ಭತ್ಯೆ ಮುಂತಾದ ಕಡಿತಗಳು ಸಿಗುತ್ತವೆ. ಆ ಒಂದೂವರೆ ಲಕ್ಷವೂ 2014ರಲ್ಲಿ ನಿಗದಿಯಾದದ್ದು, ಆಮೇಲೆ ಕದಲಿಲ್ಲ.

ವೃತ್ತಿ ತೆರಿಗೆಯ ಪಟ್ಟಿ ಬೇರೆ ಜಗತ್ತಿನದು. ಕರ್ನಾಟಕದಲ್ಲಿ ಇದನ್ನು 1976ರ ಕಾಯ್ದೆಯ ಅಡಿ ರಾಜ್ಯ ಸರ್ಕಾರವೇ ವಸೂಲು ಮಾಡುತ್ತದೆ. ತಮಿಳುನಾಡಿನಲ್ಲಿ ಅದು ಸ್ಥಳೀಯ ಸಂಸ್ಥೆಗಳ ಹಕ್ಕು. ಚೆನ್ನೈನಲ್ಲಿ ಪಾಲಿಕೆಯೇ ವರ್ಷವನ್ನು ಎರಡು ಅರ್ಧಗಳಾಗಿ ಮಾಡಿ, ಆರು ತಿಂಗಳ ಆದಾಯದ ಮೇಲೆ ವಿಧಿಸುತ್ತದೆ. ಆರು ತಿಂಗಳಿಗೆ 21,000 ರೂಪಾಯಿವರೆಗೆ ತೆರಿಗೆ ಇಲ್ಲ. ಅಲ್ಲಿಂದ 30,000, 45,000, 60,000, 75,000 ಎಂಬ ಹಂತಗಳು. 75,000 ದಾಟಿದವರೆಲ್ಲ ಆರು ತಿಂಗಳಿಗೆ 1,250 ರೂಪಾಯಿ, ಅಂದರೆ ವರ್ಷಕ್ಕೆ 2,500 ಕಟ್ಟಬೇಕು. ತಿಂಗಳ ಲೆಕ್ಕಕ್ಕೆ ಇಳಿಸಿದರೆ, 3,500 ರೂಪಾಯಿ ದಾಟಿದ ಸಂಬಳಕ್ಕೆ ತೆರಿಗೆ ಶುರು. 12,500 ದಾಟಿದರೆ ಅತಿ ಮೇಲಿನ ಹಂತ. ತಿಂಗಳಿಗೆ ಹದಿಮೂರು ಸಾವಿರದ ಅಡುಗೆ ಸಹಾಯಕರೂ ಐದು ಲಕ್ಷದ ಕಂಪನಿ ನಿರ್ದೇಶಕರೂ ಒಂದೇ ಹಂತದಲ್ಲಿ ನಿಂತು ಒಂದೇ ಮೊತ್ತ ಕಟ್ಟುತ್ತಾರೆ.

2024ರಲ್ಲಿ ಪಾಲಿಕೆ ಈ ದರಗಳನ್ನು ಪರಿಷ್ಕರಿಸಿತು. ಆ ಪರಿಷ್ಕರಣೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮೊದಲ ಹಂತದ 135 ರೂಪಾಯಿ 180 ಆಯಿತು. ಎರಡನೆಯ ಹಂತದ 315, 425ಕ್ಕೆ ಏರಿತು. ಮೂರನೆಯದರ 690, 930ಕ್ಕೆ. ಮೂರರಲ್ಲೂ ಏರಿಕೆ ಶೇ. 33ರಿಂದ 35ರಷ್ಟು. ಮೇಲಿನ ಎರಡು ಹಂತಗಳ 1,025 ಮತ್ತು 1,250 ಹಾಗೆಯೇ ಉಳಿದವು. ಕಡಿಮೆ ಸಂಬಳದವರಿಗೆ ಮೂರನೇ ಒಂದು ಭಾಗ ಹೆಚ್ಚು, ಜಾಸ್ತಿ ಸಂಬಳದವರಿಗೆ ಏನೂ ಇಲ್ಲ. ಪ್ರತಿ ಹಂತದ ತಳದಲ್ಲಿ ತೆರಿಗೆ ಆದಾಯದ ಶೇಕಡಾ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಆರು ತಿಂಗಳಿಗೆ 21,001 ರೂಪಾಯಿ ದುಡಿಯುವವರಿಗೆ ಶೇ. 0.86, 30,001ಕ್ಕೆ ಶೇ. 1.42, 45,001ಕ್ಕೆ ಶೇ. 2.07. ಅಲ್ಲಿಂದ ಮೇಲೆ ಇಳಿಮುಖ: 60,001ಕ್ಕೆ ಶೇ. 1.71, 75,001ಕ್ಕೆ ಶೇ. 1.67, ಮುಂದೆ ಆದಾಯ ಏರಿದಷ್ಟೂ ಭಾರ ಕಡಿಮೆ. ಅತಿ ಹೆಚ್ಚಿನ ಭಾರ ಬೀಳುವುದು ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸಿನ ದುಡಿಮೆಯ ಮೇಲೆ. ಪರಿಷ್ಕರಣೆಗೆ ಮುಂಚೆ ಅದೇ ಜಾಗದಲ್ಲಿ ಭಾರ ಶೇ. 1.53 ಇತ್ತು.

ಪಾಲಿಕೆಯ ಸದಸ್ಯರನ್ನು ದೂರಿ ಇದನ್ನು ಮುಗಿಸುವುದು ಸರಿಯಲ್ಲ. ಅವರಿಗೆ ಮೇಲಿನ ಹಂತವನ್ನು ಏರಿಸುವ ಅಧಿಕಾರವೇ ಇಲ್ಲ. ಸಂವಿಧಾನದ 276ನೆಯ ವಿಧಿಯ ಪ್ರಕಾರ ಯಾವುದೇ ಒಬ್ಬ ವ್ಯಕ್ತಿ ರಾಜ್ಯಕ್ಕೋ ಸ್ಥಳೀಯ ಸಂಸ್ಥೆಗೋ ಕಟ್ಟುವ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಎರಡು ಬಾರಿಯ 1,250 ಸೇರಿದರೆ ಆ ಛಾವಣಿ ಮುಟ್ಟಿತು. ಚರಂಡಿ, ಕಸ, ಬೀದಿದೀಪಗಳಿಗೆ ಹಣ ಬೇಕು, ಛಾವಣಿ ಕದಲುವುದಿಲ್ಲ, ಹಾಗಾಗಿ ಎಳೆಯಬಹುದಾದದ್ದು ಕೆಳಗಿನ ಹಂತಗಳನ್ನು ಮಾತ್ರ.

ಈ ಛಾವಣಿಯ ಹುಟ್ಟು ಒಕ್ಕೂಟದ ರಾಜಕಾರಣದಲ್ಲಿದೆ. ಆದಾಯದ ಮೇಲಿನ ತೆರಿಗೆ ಕೇಂದ್ರದ್ದು. ವೃತ್ತಿಯ ಮೇಲಿನ ತೆರಿಗೆ ಪ್ರಾಂತ್ಯಗಳದು. ವೃತ್ತಿ ತೆರಿಗೆಯನ್ನು ಆದಾಯಕ್ಕೆ ತಕ್ಕಂತೆ ಏರಿಸುತ್ತ ಹೋದರೆ ಅದು ಇನ್ನೊಂದು ಆದಾಯ ತೆರಿಗೆಯೇ ಆಗಿಬಿಡುತ್ತದೆ ಎಂಬ ಆತಂಕದಿಂದ 1935ರ ಭಾರತ ಸರ್ಕಾರ ಕಾಯ್ದೆಗೆ 142ಎ ಕಲಮು ಸೇರಿಸಿ ವರ್ಷಕ್ಕೆ 50 ರೂಪಾಯಿಯ ಮಿತಿ ಹಾಕಲಾಯಿತು. ಸಂವಿಧಾನ ಬರೆಯುವಾಗ ಅದು 250 ಆಯಿತು. 1988ರಲ್ಲಿ ಅರವತ್ತನೆಯ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ಅಂದಿನಿಂದ ಇಂದಿನವರೆಗೆ ಅದೇ ಅಂಕಿ. ಹದಿನಾಲ್ಕನೆಯ ಹಣಕಾಸು ಆಯೋಗ ಇದನ್ನು 12,000 ರೂಪಾಯಿಗೆ ಏರಿಸಬೇಕೆಂದು ಶಿಫಾರಸು ಮಾಡಿತ್ತು, ಸಂವಿಧಾನದ ಪಠ್ಯ ಬದಲಾಗಲಿಲ್ಲ. 1988–89ರಲ್ಲಿ ಕೇಂದ್ರದ ಆದಾಯ ತೆರಿಗೆ ವಿನಾಯಿತಿ ಮಿತಿ 18,000 ರೂಪಾಯಿ. ಆಗ ವರ್ಷಕ್ಕೆ 2,500 ರೂಪಾಯಿ ಎಂದರೆ ಶ್ರೀಮಂತರಿಗೆ ಮಾತ್ರ ತಗಲುವ ಮೊತ್ತ. ಇಂದು ವಿನಾಯಿತಿ ಮಿತಿ 4 ಲಕ್ಷ. ಅದೇ 2,500ನ್ನು ಸಪ್ಲೈಯರ್ ಕಟ್ಟುತ್ತಿದ್ದಾರೆ.

ಛಾವಣಿಯ ಕಥೆ ಇದು. ನೆಲದ ಕಥೆ ಬೇರೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ. ತಮಿಳುನಾಡಿನಲ್ಲಿ ಇಂದಿನ ಸ್ವರೂಪದ ಅರ್ಧವಾರ್ಷಿಕ ವೃತ್ತಿ ತೆರಿಗೆ 1998ರ ತಿದ್ದುಪಡಿ ಕಾಯ್ದೆಯಿಂದ ಬಂದದ್ದು. ಚೆನ್ನೈ ಪಟ್ಟಿಯ ಎಲ್ಲೆಗಳನ್ನು ಅದೇ ಕಾಲದ ಕೇಂದ್ರ ತೆರಿಗೆಯ ಪಕ್ಕದಲ್ಲಿಟ್ಟರೆ ಒಂದು ಸಾಮ್ಯ ಎದ್ದು ಕಾಣುತ್ತದೆ. 1998–99ರಲ್ಲಿ ಕೇಂದ್ರದ ವಿನಾಯಿತಿ ಮಿತಿ 50,000 ರೂಪಾಯಿ. ಚೆನ್ನೈನ 21,000ವನ್ನು ವರ್ಷಕ್ಕೆ ಮಾಡಿದರೆ 42,000. ಕೇಂದ್ರದ ಶೇ. 30ರ ಹಂತ ಆಗ ಶುರುವಾಗುತ್ತಿದ್ದುದು ಒಂದೂವರೆ ಲಕ್ಷದಿಂದ. ಚೆನ್ನೈನ 75,000ವನ್ನು ವರ್ಷಕ್ಕೆ ಮಾಡಿದರೆ ಸರಿಯಾಗಿ ಒಂದೂವರೆ ಲಕ್ಷ. ಒಂದನ್ನು ನೋಡಿ ಇನ್ನೊಂದನ್ನು ಬರೆದರು ಎಂದು ನಾನು ಹೇಳುತ್ತಿಲ್ಲ. ಆ ಕಾಲದ ರೂಪಾಯಿಯಲ್ಲಿ ಯಾರು ಬಡವರು, ಯಾರು ಉಳ್ಳವರು ಎಂಬ ಅಂದಾಜು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು ಎಂಬಷ್ಟು ಮಾತ್ರ ಇದರಿಂದ ತಿಳಿಯುತ್ತದೆ. ಅಂದು ಮೇಲಿನ ಹಂತ ನಿಜಕ್ಕೂ ಉಳ್ಳವರ ಹಂತವಾಗಿತ್ತು. ಕೇಂದ್ರದ ಶೇ. 30ರ ಗೆರೆ ಇಂದು 24 ಲಕ್ಷಕ್ಕೆ, ಅಂದರೆ ಹದಿನಾರು ಪಟ್ಟು ಮೇಲಕ್ಕೆ ಹೋಗಿದೆ. ಚೆನ್ನೈನ ಗೆರೆ ಇಂದೂ ಒಂದೂವರೆ ಲಕ್ಷದಲ್ಲೇ ಇದೆ. ಉಳ್ಳವರಿಗೆಂದು ಹಾಕಿದ ಗೆರೆಯ ಒಳಗೆ ಈಗ ತಟ್ಟೆ ತೊಳೆಯುವವರೂ ಬಂದುಬಿಟ್ಟಿದ್ದಾರೆ.

ಸಂವಿಧಾನ ಹೇಳುವುದು ಛಾವಣಿಯ ವಿಷಯ ಮಾತ್ರ. ನೆಲ ಎಲ್ಲಿರಬೇಕೆಂದು ಅದು ಏನನ್ನೂ ಹೇಳುವುದಿಲ್ಲ. ಅದನ್ನು ರಾಜ್ಯ ತನ್ನ ಕಾಯ್ದೆಯಲ್ಲೇ ಬದಲಿಸಬಹುದು. ಕರ್ನಾಟಕ ಮಾಡಿದ್ದೂ ಅದನ್ನೇ. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಅಲ್ಲಿ ವೃತ್ತಿ ತೆರಿಗೆ ಇಲ್ಲ. ಅದಕ್ಕೆ ಮೇಲ್ಪಟ್ಟವರು ತಿಂಗಳಿಗೆ 200 ರೂಪಾಯಿ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಫೆಬ್ರವರಿಯಲ್ಲಿ ಮಾತ್ರ 300. ಹನ್ನೊಂದು ತಿಂಗಳ 2,200ಕ್ಕೆ ಆ 300 ಸೇರಿ 2,500 ಆಗುತ್ತದೆ. ಒಂದೇ ಛಾವಣಿಯ ಕೆಳಗೆ ಬೆಂಗಳೂರಿನ ನೆಲ ವರ್ಷಕ್ಕೆ 3 ಲಕ್ಷ, ಚೆನ್ನೈನದು 42,000. ತಮಿಳುನಾಡು ಕೂಡ ಕೆಳಗಿನ ಗೆರೆಯನ್ನು ಏರಿಸಬೇಕು. ಹೀಗೆ ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಪಾಲಿಕೆಗೆ ಆಗುವ ಖೋತಾವನ್ನು ತುಂಬಬೇಕಾದ್ದು ಛಾವಣಿಯನ್ನು ಏರಿಸಿ, ಮತ್ತು ಅದು ದೆಹಲಿಯ ಕೆಲಸ.

ಕೇಂದ್ರದ ಹೊಸ ಪದ್ಧತಿ ಇನ್ನೊಂದು ಸಣ್ಣ ಸಮಾಧಾನವನ್ನೂ ಕಿತ್ತುಕೊಂಡಿದೆ. ಹಳೆಯ ಪದ್ಧತಿಯಲ್ಲಿ ಸಂಬಳದಿಂದ ವೃತ್ತಿ ತೆರಿಗೆಯನ್ನು ಕಳೆದು ಉಳಿದದ್ದಕ್ಕೆ ಆದಾಯ ತೆರಿಗೆ ಹಾಕುತ್ತಿದ್ದರು. ಹೊಸದರಲ್ಲಿ ಆ ಕಡಿತ ಇಲ್ಲ.

ಮದ್ರಾಸಿನ ಹಳೆಯ ಮಿತಿಗಳನ್ನು ಇಲ್ಲಿ ನೆನೆಯಲು ಕಾರಣವಿದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಕಾಸರಗೋಡೂ ಅದರೊಳಗಿತ್ತು. ಉಡುಪಿ ಸೀಮೆಯವರು ಹೋಟೆಲ್ ಕೆಲಸಕ್ಕೆ ಮದ್ರಾಸಿಗೆ ಹೋದದ್ದು ತಮ್ಮದೇ ಪ್ರಾಂತ್ಯದ ರಾಜಧಾನಿಗೆ. ಕಡಂದಲೆಯ ಕೆ. ಕೃಷ್ಣರಾಯರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ್ದು 1938ರಲ್ಲಿ. ಮರುವರ್ಷವೇ ರಾಜಾಜಿಯವರ ಮಂತ್ರಿಮಂಡಲದ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ಬಂತು. ಅದರಲ್ಲಿ ವರ್ಷಕ್ಕೆ 10,000 ರೂಪಾಯಿಯೊಳಗಿನ ವಹಿವಾಟಿಗೆ ತೆರಿಗೆ ಇರಲಿಲ್ಲ. 20,000ದವರೆಗೆ ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಮುಗಿಯಿತು. ಅದನ್ನು ದಾಟಿದವರಿಗೆ ವಹಿವಾಟಿನ ಶೇ. ಅರ್ಧ. ಆ ನಡುವಿನ ಏರ್ಪಾಡು ಗಮನಿಸಬೇಕಾದದ್ದು. ಸಣ್ಣ ವ್ಯಾಪಾರಿಯ ಲೆಕ್ಕದ ಪುಸ್ತಕವನ್ನು ಕೆದಕುವ ಬದಲು ಒಂದು ಅಂದಾಜು ಮೊತ್ತಕ್ಕೆ ಒಪ್ಪಿ ಅವರನ್ನು ಅವರ ಪಾಡಿಗೆ ಬಿಡುವುದು ಅದರ ತಿರುಳು. ಮಂಗಳೂರಿನ ಅಂಗಡಿಗೂ ಮದ್ರಾಸಿನ ಜಾರ್ಜ್ ಟೌನಿನ ಅಂಗಡಿಗೂ ಅನ್ವಯಿಸಿದ್ದು ಈ ಒಂದೇ ಕಾಯ್ದೆ. ಅದಕ್ಕೂ ಹಿಂದೆ, 1886ರ ಆದಾಯ ತೆರಿಗೆ ಕಾಯ್ದೆಯಲ್ಲಿ ವರ್ಷಕ್ಕೆ 500 ರೂಪಾಯಿಯಿಂದ 2,000 ರೂಪಾಯಿವರೆಗಿನ ಸಂಬಳಕ್ಕೆ ರೂಪಾಯಿಗೆ 4 ಪೈ, ಅದಕ್ಕೆ ಮೇಲ್ಪಟ್ಟದ್ದಕ್ಕೆ 5 ಪೈ ದರವಿತ್ತು. ರೂಪಾಯಿಗೆ 192 ಪೈ ಆದ್ದರಿಂದ 4 ಪೈ ಎಂದರೆ ಶೇ. 2.08. ಚೆನ್ನೈನಲ್ಲಿ ಇಂದು ಏಳೂವರೆ ಸಾವಿರ ಸಂಬಳದವರ ಮೇಲೆ ಬೀಳುವ ಶೇ. 2.07ಕ್ಕೂ ಇದಕ್ಕೂ ಇರುವ ಹೋಲಿಕೆ ಕಾಕತಾಳೀಯ. ಆದರೆ ಬ್ರಿಟಿಷರ ಆ ಕಾಯ್ದೆಯಲ್ಲೂ ಹೆಚ್ಚು ದುಡಿದವರ ದರ ಹೆಚ್ಚಿತ್ತು ಎಂಬುದನ್ನು ಮರೆಯಬಾರದು.

ಊರುಗಳ ಪಟ್ಟಿಯ ವಿಷಯಕ್ಕೆ ಬಂದರೆ ಚೆನ್ನೈಗೇ ಲಾಭವಿತ್ತು. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಮೂರು ಅಳತೆಗಳು: ಪಡೆದ ಭತ್ಯೆ, ಸಂಬಳದ ಹತ್ತನೆಯ ಒಂದು ಭಾಗವನ್ನು ಕಳೆದ ಬಾಡಿಗೆ, ಮತ್ತು ಸಂಬಳದ ಇಂತಿಷ್ಟು ಶೇಕಡಾ. ಮೂರರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಕೊನೆಯ ಅಳತೆ 1962ರ ನಿಯಮಾವಳಿಯ 2ಎ ನಿಯಮದಂತೆ ಬೊಂಬಾಯಿ, ಕಲ್ಕತ್ತ, ದೆಹಲಿ, ಮದ್ರಾಸುಗಳಿಗೆ ಶೇ. 50, ಉಳಿದೆಲ್ಲ ಊರುಗಳಿಗೆ ಶೇ. 40. ಆ ನಿಯಮಾವಳಿ ಜಾರಿಯಲ್ಲಿದ್ದಷ್ಟು ಕಾಲವೂ ಬೆಂಗಳೂರು ಉಳಿದೆಲ್ಲ ಊರುಗಳ ಸಾಲಿನಲ್ಲೇ ಇತ್ತು. ಮೂಲ ವೇತನ ತಿಂಗಳಿಗೆ 40,000, ಭತ್ಯೆ 20,000, ಬಾಡಿಗೆ 25,000 ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಚೆನ್ನೈನಲ್ಲಿ ವರ್ಷಕ್ಕೆ 2,40,000 ವಿನಾಯಿತಿ, ಬೆಂಗಳೂರಿನಲ್ಲಿ 1,92,000. ವ್ಯತ್ಯಾಸ 48,000. ಶೇ. 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 14,976 ರೂಪಾಯಿ. ಬೆಂಗಳೂರಿನ ಬಾಡಿಗೆ ಕಟ್ಟಿದವರಿಗೆ ಇದು ಹೇಗನಿಸಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲದ ಕಾರಣ ಜಗಳದ ತೀವ್ರತೆ ಕಡಿಮೆಯಾಗಿದೆ.

ಇನ್ನು ಗಲ್ಲಾದ ಮೇಲೆ ಕೂತ ಮಾಲೀಕರ ಲೆಕ್ಕ. 1939ರ ಆ ತಿಂಗಳಿಗೆ 5 ರೂಪಾಯಿಯ ಏರ್ಪಾಡಿನ ಹಿಂದಿನ ಯೋಚನೆಯೇ ಆದಾಯ ತೆರಿಗೆಯ 44ಎಡಿ ಕಲಮಿನಲ್ಲೂ ಇದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿಯೊಳಗಿದ್ದರೆ ಅದರ ಶೇ. 8ನ್ನು ಲಾಭವೆಂದು ಒಪ್ಪಿಕೊಂಡು ತೆರಿಗೆ ಕಟ್ಟಬಹುದು. ಖರ್ಚಿನ ಪ್ರತಿ ಚೀಟಿಯನ್ನೂ ಕಾಪಿಡಬೇಕಾಗಿಲ್ಲ, ಆಡಿಟ್ ಬೇಡ. ಯುಪಿಐ, ಕಾರ್ಡು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 8ರ ಬದಲು ಶೇ. 6 ಸಾಕು. ಈ ರಿಯಾಯಿತಿ 2016ರ ನೋಟು ರದ್ದತಿಯ ಬೆನ್ನಿಗೇ ಬಂದದ್ದು. ಈ ಕಲಮಿನ ಮಿತಿ ಇಂದಿನ ರೂಪದಲ್ಲಿ ಬಂದಾಗಿನಿಂದ ಚುರುಕಾಗಿಯೇ ಏರಿದೆ. 2010ರ ಹಣಕಾಸು ಕಾಯ್ದೆಯಲ್ಲಿ 60 ಲಕ್ಷ, 2012ರಲ್ಲಿ 1 ಕೋಟಿ, 2016ರಲ್ಲಿ 2 ಕೋಟಿ. 2023ರಿಂದ, ನಗದು ವಸೂಲಿ ಶೇ. 5 ಮೀರದಿದ್ದರೆ 3 ಕೋಟಿ. ಸಂಸತ್ತಿನ ಕಣ್ಣ ಮುಂದಿರುವ ಮಿತಿ ಹೀಗೆ ಓಡುತ್ತದೆ.

ಒಬ್ಬರೇ ಮಾಲೀಕರಿರುವ ಹೋಟೆಲಿಗೆ ವರ್ಷಕ್ಕೆ ಸರಿಯಾಗಿ 2 ಕೋಟಿ ವಹಿವಾಟು, ಅಂದರೆ ದಿನಕ್ಕೆ ಸುಮಾರು 55,000 ರೂಪಾಯಿ ವ್ಯಾಪಾರ ಎಂದುಕೊಳ್ಳಿ. ಎಲ್ಲ ಹಣವೂ ಯುಪಿಐ, ಕಾರ್ಡಿನಲ್ಲಿ ಬಂದರೆ ಲಾಭದ ಅಂದಾಜು 12 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ 60,000, ರಿಬೇಟೂ 60,000, ಕಟ್ಟುವುದು ಸೊನ್ನೆ. ಎಲ್ಲವೂ ನಗದಿನಲ್ಲಿ ಬಂದರೆ ಅಂದಾಜು 16 ಲಕ್ಷ, ತೆರಿಗೆ 1,20,000, ಸೆಸ್ ಸೇರಿ 1,24,800. ಅರ್ಧ ಹೀಗೆ, ಅರ್ಧ ಹಾಗೆ ಬಂದರೆ 14 ಲಕ್ಷದ ಮೇಲೆ 93,600. ಅದೇ ಇಡ್ಲಿ, ಅದೇ ಗಿರಾಕಿ. ದುಡ್ಡು ಯಾವ ದಾರಿಯಿಂದ ಗಲ್ಲಾಕ್ಕೆ ಬಂತೆಂಬುದು ಒಂದೂಕಾಲು ಲಕ್ಷದ ಪ್ರಶ್ನೆ.

ಆದಾಯ ತೆರಿಗೆಯ ಕಡೆಯಿಂದ ನೋಡಿದರೆ ಹಾಗಾಗಿ ಯುಪಿಐ ಸಣ್ಣ ವ್ಯಾಪಾರಿಗೆ ಸ್ಪಷ್ಟವಾಗಿ ಅನುಕೂಲ. ಜಿಎಸ್‌ಟಿಯ ಕಡೆಯಿಂದ ಅದೇ ಯುಪಿಐ ವಹಿವಾಟಿಗೆ ಸಾಕ್ಷಿ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಯುಪಿಐ ಅಂಕಿ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳು ಬಂದಾಗ ಹಲವರು ಕ್ಯೂಆರ್ ಕೋಡ್ ಕಿತ್ತುಹಾಕಿ ನಗದು ಮಾತ್ರ ಎಂದು ಬೋರ್ಡು ಹಾಕಿದರು. ಆ ಭಯ ಅರ್ಥವಾಗುವಂಥದ್ದೇ. ಆದರೆ ಎರಡು ತೆರಿಗೆಗಳನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿ ಹೇಳುವವರು ಪಕ್ಕದಲ್ಲಿರಬೇಕಾಗಿತ್ತು. ಹೋಟೆಲಿನ ಊಟಕ್ಕೆ 2017ರ ಜುಲೈನಲ್ಲಿ ಶೇ. 12 ಮತ್ತು ಎಸಿ ಇದ್ದರೆ ಶೇ. 18 ಇದ್ದ ಜಿಎಸ್‌ಟಿ ಅದೇ ವರ್ಷದ ನವೆಂಬರ್ 15ರಿಂದ ಶೇ. 5ಕ್ಕೆ ಇಳಿಯಿತು, ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಹಕ್ಕು ಹೋಯಿತು. ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದ ಹೋಟೆಲು ನೋಂದಣಿ ಮಾಡಿಸಲೇಬೇಕು. ದರ್ಶಿನಿಯಂಥ ಜಾಗಕ್ಕೆ ದಿನಕ್ಕೆ ಐದೂವರೆ ಸಾವಿರದ ವ್ಯಾಪಾರವಾದರೆ ಆ ಮಿತಿ ಮುಟ್ಟಿದಂತೆ.

44ಎಡಿ ಲೆಕ್ಕದಲ್ಲಿ ಒಂದು ದೊಡ್ಡ ಕಂದರವಿದೆ. ಚೆನ್ನೈನ ಕನ್ನಡಿಗರ ಹೋಟೆಲುಗಳಿಗೆ ಅದು ನೇರವಾಗಿ ತಾಕುತ್ತದೆ. ಉಡುಪಿ ಹೋಟೆಲುಗಳ ಹಳೆಯ ಕ್ರಮ ಪಾಲುದಾರಿಕೆ. ಅಣ್ಣ ಗಲ್ಲಾದಲ್ಲಿ, ತಮ್ಮ ಅಡುಗೆಮನೆಯ ಉಸ್ತುವಾರಿಯಲ್ಲಿ, ಸೋದರಳಿಯನೊಬ್ಬ ತರಕಾರಿ ತರಲು ಕೋಯಂಬೇಡು ಮಾರುಕಟ್ಟೆಗೆ. ಪಾಲುದಾರಿಕೆ ಸಂಸ್ಥೆಯೂ 44ಎಡಿ ಆರಿಸಿಕೊಳ್ಳಬಹುದು. ಆದರೆ ಸಂಸ್ಥೆಗೆ 4 ಲಕ್ಷದ ವಿನಾಯಿತಿ ಇಲ್ಲ, ಹಂತಗಳಿಲ್ಲ, ರಿಬೇಟಿಲ್ಲ. ಮೊದಲ ರೂಪಾಯಿಯಿಂದಲೇ ಶೇ. 30, ಸೆಸ್ ಸೇರಿ 31.2. ಅದೇ 2 ಕೋಟಿ ವಹಿವಾಟು, ಅದೇ ಯುಪಿಐ, ಅದೇ 12 ಲಕ್ಷದ ಅಂದಾಜು. ಒಬ್ಬರೇ ಮಾಲೀಕರಾದರೆ ಸೊನ್ನೆ, ಅಣ್ಣ ತಮ್ಮ ಕೂಡಿ ನಡೆಸಿದರೆ 3,74,400. ಅಂದಾಜು ಪದ್ಧತಿಯೊಳಗೆ ಪಾಲುದಾರರ ಸಂಬಳವನ್ನು ಕಳೆಯಲು 2016ರವರೆಗೆ ಅವಕಾಶವಿತ್ತು. ಆ ವರ್ಷದ ಹಣಕಾಸು ಕಾಯ್ದೆ ಅದನ್ನು ತೆಗೆದುಹಾಕಿತು.

ದುಡಿಯುವ ಪಾಲುದಾರರ ಸಂಬಳವನ್ನು ಕಳೆಯಬೇಕಾದರೆ ಅಂದಾಜು ಪದ್ಧತಿಯನ್ನು ಬಿಟ್ಟು ಪೂರ್ತಿ ಲೆಕ್ಕ ಬರೆಯಬೇಕು. ಆಗ 40(ಬಿ) ಕಲಮಿನ ಮಿತಿ ಬರುತ್ತದೆ. ಪುಸ್ತಕದ ಲಾಭದ ಮೊದಲ 6 ಲಕ್ಷದಲ್ಲಿ 3 ಲಕ್ಷ ಅಥವಾ ಶೇ. 90, ಯಾವುದು ಹೆಚ್ಚೋ ಅದು, ಉಳಿದದ್ದರಲ್ಲಿ ಶೇ. 60. ಪುಸ್ತಕದ ಲಾಭ 12 ಲಕ್ಷ ಎಂದಾದರೆ 5,40,000 ಮತ್ತು 3,60,000 ಸೇರಿ 9 ಲಕ್ಷವನ್ನು ಸಂಬಳವಾಗಿ ಕೊಡಬಹುದು. ಸಂಸ್ಥೆಗೆ ಉಳಿಯುವ 3 ಲಕ್ಷಕ್ಕೆ ತೆರಿಗೆ 93,600. ಇಬ್ಬರು ಪಾಲುದಾರರಿಗೆ ತಲಾ 4,50,000 ಬಂದರೆ ಅವರ ಕೈಯಲ್ಲಿ ರಿಬೇಟ್ ಕಳೆದು ಸೊನ್ನೆ. 3,74,400 ಎಲ್ಲಿ, 93,600 ಎಲ್ಲಿ. ಸಣ್ಣವರ ಹೊರೆ ಇಳಿಸಲೆಂದು ಮಾಡಿದ ಸರಳ ಪದ್ಧತಿ, ಸಣ್ಣ ಪಾಲುದಾರಿಕೆಗೆ ಲೆಕ್ಕ ಬರೆಯುವ ಕಷ್ಟದ ಪದ್ಧತಿಗಿಂತ ನಾಲ್ಕು ಪಟ್ಟು ದುಬಾರಿಯಾಗಿದೆ. ಲೆಕ್ಕ ಬರೆಸುವ, ಅಗತ್ಯ ಬಿದ್ದರೆ ಆಡಿಟ್ ಮಾಡಿಸುವ ಖರ್ಚು ಬೇರೆ. ವಹಿವಾಟಿನ ಮಿತಿ 60 ಲಕ್ಷದಿಂದ 3 ಕೋಟಿಗೆ ಏರಿದ ಕಾಲದಲ್ಲೇ ಈ ಕಂದರ ತೆರೆದುಕೊಂಡಿತು ಎಂಬುದನ್ನು ಗಮನಿಸಬೇಕು. ಎದ್ದು ಕಾಣುವ ಮಿತಿ ಉದಾರವಾಯಿತು, ಒಳಗಿನ ಷರತ್ತು ಬಿಗಿಯಾಯಿತು. ಸಂಸ್ಥೆಗಳಿಗೂ ಒಂದು ಚಿಕ್ಕ ವಿನಾಯಿತಿ ಹಂತ ಕೊಡುವುದು, ಇಲ್ಲವೇ ಅಂದಾಜು ಲಾಭದಿಂದ ಪಾಲುದಾರರ ಸಂಬಳ ಕಳೆಯಲು ಮತ್ತೆ ಬಿಡುವುದು, ಎರಡರಲ್ಲಿ ಒಂದಾದರೂ ಆಗಬೇಕು.

40(ಬಿ) ಮಿತಿಯೂ 2024ರವರೆಗೆ ಹದಿನೈದು ವರ್ಷ ಕದಲಿರಲಿಲ್ಲ. ಮೊದಲ 3 ಲಕ್ಷದ ಲಾಭಕ್ಕೆ ಒಂದೂವರೆ ಲಕ್ಷ ಅಥವಾ ಶೇ. 90 ಎಂದಿದ್ದದ್ದು ಆ ವರ್ಷದ ಎರಡನೆಯ ಹಣಕಾಸು ಕಾಯ್ದೆಯಲ್ಲಿ ಇಮ್ಮಡಿಯಾಯಿತು. ಅದೇ ಕಾಯ್ದೆ ಹೊಸದಾಗಿ 194ಟಿ ಕಲಮನ್ನೂ ತಂದಿತು. 2025ರ ಏಪ್ರಿಲ್ 1ರಿಂದ ಪಾಲುದಾರರೊಬ್ಬರಿಗೆ ಸಂಸ್ಥೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ ಮುರಿದುಕೊಳ್ಳಬೇಕು. ಅಡುಗೆಮನೆ ನೋಡಿಕೊಳ್ಳುವ ತಮ್ಮನಿಗೆ ತಿಂಗಳಿಗೆ 25,000ದಂತೆ ವರ್ಷಕ್ಕೆ 3 ಲಕ್ಷ ಎಂದರೆ 30,000 ರೂಪಾಯಿ ಮೊದಲೇ ಕಡಿತ. ಅವರ ಆದಾಯ 4 ಲಕ್ಷ ಮುಟ್ಟದು, ಕಟ್ಟಬೇಕಾದ ತೆರಿಗೆ ಏನೂ ಇಲ್ಲ. ಆದರೂ ಆ ಹಣ ಅವರ ಕೈಗೆ ವಾಪಸು ಬರಬೇಕಾದರೆ ವರ್ಷ ಮುಗಿದ ಮೇಲೆ ರಿಟರ್ನ್ಸ್ ಸಲ್ಲಿಸಿ ರಿಫಂಡಿಗೆ ಕಾಯಬೇಕು. ಸಂಸ್ಥೆ ತನ್ನ ಕಡೆಯಿಂದ ಟ್ಯಾನ್ ಸಂಖ್ಯೆ ಪಡೆದು, ಕಡಿತದ ಹಣ ಕಟ್ಟಿ, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಮನೆಯವರಿಗೇ ಸಂಬಳ ಕೊಡುವ ಮೂವರು ಪಾಲುದಾರರ ಹೋಟೆಲಿಗೆ 20,000 ರೂಪಾಯಿ ಎಂದರೆ ಮೊದಲ ತಿಂಗಳ ಸಂಬಳದಲ್ಲೇ ದಾಟಿಹೋಗುವ ಗೆರೆ.